ಕ್ಯಾಮೆರಾ ಮೊದಲು ಹತ್ತಿದ ಗುಡ್ಡ

ಕಳೆದ ಬೇಸಿಗೆ ರಜೆಯಲ್ಲಿ ಅಣ್ಣನ ಮಗ ನನ್ನ ಹತ್ತಿರ ಒಂದು ಪ್ರಶ್ನೆ ಕೇಳಿದ. ಹತ್ತು ವರ್ಷದ ಹುಡುಗ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಮೊಬೈಲ್‌ನಲ್ಲಿ ಬೇರ್ ಗ್ರಿಲ್ಸ್ ಕಾರ್ಯಕ್ರಮ ನೋಡುತ್ತಿದ್ದ. ಕಾಡಲ್ಲಿ ಒಬ್ಬನೇ ಸಿಕ್ಕಿಕೊಂಡರೆ ಬದುಕಿ ಬರುವುದು ಹೇಗೆ ಅಂತ ಟಿವಿಯಲ್ಲಿ ಮಾಡಿ ತೋರಿಸುವ ಬ್ರಿಟನ್ನಿನ ಸಾಹಸಿ ಈ ಗ್ರಿಲ್ಸ್.

“ಚಿಕ್ಕಪ್ಪ, ಕಾಡಲ್ಲಿ ದಾರಿ ತಪ್ಪಿದ್ರೆ ಹಳ್ಳ ಹಿಡ್ಕೊಂಡು ಕೆಳಗೆ ಹೋಗ್ತಾ ಇದ್ರೆ ಊರು ಸಿಗುತ್ತೆ, ಅಲ್ವಾ?”

ನನಗೆ ಎದೆ ಧಸಕ್ಕೆಂದಿತು. ನಮ್ಮ ಮನೆ ಹಿಂದಿನ ಹಳ್ಳ ಹಿಡಿದು ಅರ್ಧ ಗಂಟೆ ಕೆಳಗೆ ಹೋದರೆ ಸಿಗುವುದು ಊರಲ್ಲ. ನೀರು ಬಂಡೆಯ ಮೇಲಿಂದ ಸೀದಾ ಕೆಳಗೆ ಬೀಳುವ ಜಾಗ. ಬೇಸಿಗೆಯಲ್ಲೂ ಅಲ್ಲಿ ಪಾಚಿ ಒಣಗುವುದಿಲ್ಲ, ಕಾಲಿಟ್ಟರೆ ಜಾರುತ್ತದೆ. ಪಶ್ಚಿಮ ಘಟ್ಟದ ಹಳ್ಳಗಳು ಬಹಳಷ್ಟು ಹೀಗೇ. ಬಯಲು ಸೀಮೆಯಲ್ಲಿ ನೀರಿನ ದಾರಿ ಊರಿಗೆ ಹೋಗಬಹುದು, ಘಟ್ಟದಲ್ಲಿ ಅದು ಎಷ್ಟೋ ಸಲ ಕೊರಕಲಿಗೆ ಹೋಗುತ್ತದೆ. ಆ ಹುಡುಗ ನೋಡಿದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಬೇರೆ ಯಾವುದೋ ದೇಶದ, ಬೇರೆ ಯಾವುದೋ ನೆಲದ ಮಾತು ಅದು. ಜೊತೆಗೆ ಅದನ್ನು ಹೇಳುತ್ತಿದ್ದವನ ಹಿಂದೆ ಒಂದು ಇಡೀ ತಂಡ ನಡೆದು ಬರುತ್ತಿತ್ತು.

ಆವತ್ತು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕಾರ್ಯಕ್ರಮವನ್ನು ಮೊದಲಿಂದ ನೋಡಿದೆ. ಒಂದೇ ಒಂದು ಕೆಲಸ ಕೊಟ್ಟೆ. ಪ್ರತಿ ದೃಶ್ಯ ಬಂದಾಗಲೂ ಕ್ಯಾಮೆರಾ ಎಲ್ಲಿದೆ ಅಂತ ಹೇಳಬೇಕು, ಅಷ್ಟೇ.

ಬಂಡೆ ಹತ್ತುವ ದೃಶ್ಯ ಬಂತು. ಆಸಾಮಿ ಏದುಸಿರು ಬಿಡುತ್ತಾ, ಬೆರಳ ತುದಿಯಲ್ಲಿ ನೇತಾಡುತ್ತಾ ಮೇಲೆ ಬರುತ್ತಿದ್ದಾನೆ. ಅವನ ಮುಖ ನಮಗೆ ಮೇಲಿನಿಂದ ಕಾಣುತ್ತಿದೆ. ಹುಡುಗ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಹೇಳಿದ, “ಕ್ಯಾಮೆರಾ ಹಿಡ್ಕೊಂಡವ್ರು ಆಗ್ಲೇ ಮೇಲೆ ಹೋಗಿದಾರೆ.” ಹೌದು. ಅವರು ಯಾವ ದಾರಿಯಲ್ಲಿ ಹೋದರು, ಹಗ್ಗ ಕಟ್ಟಿಕೊಂಡು ಹೋದರಾ, ಹಿಂದಿನಿಂದ ಸುಲಭದ ಕಾಲುದಾರಿ ಇತ್ತಾ, ಅದನ್ನು ನಮಗೆ ತೋರಿಸುವುದಿಲ್ಲ. ಇಂಥ ಕಾರ್ಯಕ್ರಮ ಎಷ್ಟು ನಿಜ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಗ್ರಿಲ್ಸ್ ಅವರ ‘ಮ್ಯಾನ್ ವರ್ಸಸ್ ವೈಲ್ಡ್’ ಡಿಸ್ಕವರಿ ಚಾನೆಲ್‌ನಲ್ಲಿ ಶುರುವಾಗಿದ್ದು 2006ರಲ್ಲಿ. ಬ್ರಿಟನ್‌ನಲ್ಲಿ ಅದು ಚಾನೆಲ್ 4ರಲ್ಲಿ ‘ಬಾರ್ನ್ ಸರ್ವೈವರ್’ ಅನ್ನುವ ಹೆಸರಲ್ಲಿ ಬರುತ್ತಿತ್ತು. 2007ರಲ್ಲಿ ಅದಕ್ಕೆ ಕೆಲಸ ಮಾಡಿದ್ದ ಸಲಹೆಗಾರರೊಬ್ಬರು ಬಾಯಿಬಿಟ್ಟರು. ಕಾಡಲ್ಲಿ ಒಬ್ಬನೇ ಇದ್ದಾನೆ ಅಂತ ಜನ ನಂಬಿದ್ದ ಕೆಲವು ರಾತ್ರಿಗಳನ್ನು ಗ್ರಿಲ್ಸ್ ಹೋಟೆಲಿನಲ್ಲಿ ಕಳೆದಿದ್ದರು. ಹವಾಯಿಯಲ್ಲಿ ಅವರು ‘ಕಟ್ಟಿದ’ ತೆಪ್ಪವನ್ನು ತಂಡದವರು ಮೊದಲೇ ಕಟ್ಟಿ ನೋಡಿ, ಮತ್ತೆ ಬಿಚ್ಚಿ ಇಟ್ಟಿದ್ದರು. ಕಾಡುಕುದುರೆ ಅಂತ ತೋರಿಸಿದ್ದು ಸಾಕಿದ ಕುದುರೆಗಳನ್ನು. ದೊಡ್ಡ ಗಲಾಟೆಯಾಯಿತು. ಆಮೇಲೆ ಕಾರ್ಯಕ್ರಮದ ಆರಂಭದಲ್ಲಿ ಒಂದು ಸೂಚನೆ ಬರತೊಡಗಿತು. ಅಪಾಯದ ಸಂದರ್ಭದಲ್ಲಿ ಗ್ರಿಲ್ಸ್ ಮತ್ತು ತಂಡಕ್ಕೆ ನೆರವು ಸಿಗುತ್ತದೆ, ವಿದ್ಯೆ ತೋರಿಸಲಿಕ್ಕಾಗಿ ಕೆಲವು ಸನ್ನಿವೇಶಗಳನ್ನು ಒದಗಿಸಿರುತ್ತೇವೆ ಅನ್ನುವ ಅರ್ಥದ್ದು. ಕೆಲವೇ ಸೆಕೆಂಡು ಪರದೆಯ ಮೇಲೆ ಇರುತ್ತದೆ. ಎಷ್ಟು ಜನ ಅದನ್ನು ಓದುತ್ತಾರೆ, ನೀವೇ ಹೇಳಿ.

ಗ್ರಿಲ್ಸ್ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಆ ಮನುಷ್ಯ ನಟನಲ್ಲ. ಬ್ರಿಟಿಷ್ ಸೇನೆಯ ವಿಶೇಷ ಪಡೆಯ ಮೀಸಲು ವಿಭಾಗದಲ್ಲಿದ್ದವರು. 1996ರಲ್ಲಿ ಪ್ಯಾರಾಚೂಟ್ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡು, ಎರಡೇ ವರ್ಷಕ್ಕೆ, 1998ರಲ್ಲಿ, ಎವರೆಸ್ಟ್ ಹತ್ತಿದರು. ಆಗ ಅವರಿಗೆ 23 ವರ್ಷ. ಪರದೆಯಲ್ಲಿ ಅವರು ಹಾರುವುದು, ಈಜುವುದು, ಹತ್ತುವುದು ಮೈಮುರಿದು ಮಾಡಿದ ಕೆಲಸವೇ. ನನ್ನ ತಕರಾರು ಹೋಟೆಲಿನ ಬಗ್ಗೆಯೂ ಅಲ್ಲ. ಚಿತ್ರೀಕರಣಕ್ಕೆ ಹೋದವರು ರಾತ್ರಿ ಹಾಸಿಗೆಯಲ್ಲಿ ಮಲಗಿದರೆ ಯಾರಿಗೂ ನಷ್ಟವಿಲ್ಲ. ತಕರಾರು ಏನೆಂದರೆ, ಆ ಕಾರ್ಯಕ್ರಮ ಕಲಿಸುವ ಮೂಲ ಪಾಠವೇ ತಲೆಕೆಳಗಾಗಿದೆ. ಕ್ಯಾಮೆರಾಗೆ ಓಡಾಟ ಬೇಕು. ದಾರಿ ತಪ್ಪಿದವನಿಗೆ ಬೇಕಾದದ್ದು ಒಂದು ಕಡೆ ಕೂರುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಕಾಡಲ್ಲಿ ದಾರಿ ತಪ್ಪಿದ್ದೀರಿ ಅಂದುಕೊಳ್ಳಿ. ಮನೆಯವರಿಗೆ ನೀವು ಎಲ್ಲಿಗೆ ಹೋದಿರಿ ಅಂತ ಗೊತ್ತಿದೆ. ಸಂಜೆಯಾದರೂ ಬರದಿದ್ದರೆ ಹುಡುಕಲು ಶುರು ಮಾಡುತ್ತಾರೆ. ಹುಡುಕುವವರು ನೀವು ಕೊನೆಗೆ ಕಂಡ ಜಾಗದಿಂದ ಶುರು ಮಾಡಿ ಸುತ್ತಲೂ ಹರಡುತ್ತಾರೆ. ನೀವು ಗಂಟೆಗೆ 2 ಕಿಲೋಮೀಟರ್ ನಡೆದರೂ 3 ಗಂಟೆಯಲ್ಲಿ 6 ಕಿಲೋಮೀಟರ್ ದೂರ ಹೋಗಿರಬಹುದು. ಯಾವ ದಿಕ್ಕಿಗೆ ಅಂತ ಯಾರಿಗೂ ಗೊತ್ತಿಲ್ಲ. ಆಗ ಹುಡುಕಬೇಕಾದ ಜಾಗ 100 ಚದರ ಕಿಲೋಮೀಟರಿಗಿಂತ ಜಾಸ್ತಿಯಾಗುತ್ತದೆ. ಅದೇ 1 ಕಿಲೋಮೀಟರ್ ಒಳಗೆ ನಿಂತಿದ್ದರೆ ಸುಮಾರು 3 ಚದರ ಕಿಲೋಮೀಟರ್. ನಡೆದಷ್ಟೂ ಸುಸ್ತು, ಬಾಯಾರಿಕೆ, ಜಾರಿ ಬೀಳುವ ಭಯ ಬೇರೆ. ಅದಕ್ಕೇ ರಕ್ಷಣಾ ಕೆಲಸದಲ್ಲಿರುವವರು ಮೊದಲು ಹೇಳುವ ಮಾತು: ನಿಲ್ಲು, ಕೂರು, ಯೋಚನೆ ಮಾಡು. ಆದರೆ ಒಬ್ಬ ಮನುಷ್ಯ ಮರದ ಬುಡದಲ್ಲಿ 20 ಗಂಟೆ ಕೂತಿರುವುದನ್ನು ಯಾವ ಟಿವಿಯವರು ತೋರಿಸುತ್ತಾರೆ?

ಇನ್ನೊಂದು ಲೆಕ್ಕವೂ ಇದೆ. ಕಾಡಲ್ಲಿ ಸಿಕ್ಕಿಕೊಂಡವರ ಬಗ್ಗೆ ಹೇಳುವಾಗ ಮೂರರ ಲೆಕ್ಕ ಹೇಳುತ್ತಾರೆ. ಗಾಳಿ ಇಲ್ಲದೆ 3 ನಿಮಿಷ, ವಿಪರೀತ ಚಳಿ ಅಥವಾ ಸೆಕೆಯಲ್ಲಿ ಆಸರೆ ಇಲ್ಲದೆ 3 ಗಂಟೆ, ನೀರಿಲ್ಲದೆ 3 ದಿನ, ಊಟವಿಲ್ಲದೆ 3 ವಾರ. ಇದು ಕರಾರುವಾಕ್ಕಾದ ಲೆಕ್ಕವಲ್ಲ, ಯಾವುದು ಮೊದಲು ಅಂತ ನೆನಪಿಟ್ಟುಕೊಳ್ಳಲು ಒಂದು ಅಂದಾಜು. ಊಟ ಕೊನೆಯಲ್ಲಿದೆ ನೋಡಿ. ಒಂದೆರಡು ದಿನದಲ್ಲಿ ಸಿಕ್ಕಿಬಿಡುವವರಿಗೆ ಊಟದ ಚಿಂತೆಯೇ ಬೇಕಿಲ್ಲ. ಆದರೆ ಕಾರ್ಯಕ್ರಮದಲ್ಲಿ ಜಾಸ್ತಿ ಹೊತ್ತು ನಡೆಯುವುದೇ ತಿನ್ನುವ ಸಂಗತಿ. ಹುಳ ತಿನ್ನುವುದು, ಹಸಿ ಮೀನು ಕಚ್ಚುವುದು, ಆನೆ ಲದ್ದಿ ಹಿಂಡಿ ಬಾಯಿಗೆ ಬಿಟ್ಟುಕೊಳ್ಳುವುದು. ನೋಡುವವರಿಗೆ ಮೈ ಜುಮ್ಮೆನ್ನುತ್ತದೆ, ಅದಕ್ಕೇ ಅದು ಅಲ್ಲಿದೆ. ನಿಜವಾಗಿ ಕಾಡಲ್ಲಿ ಏನೋ ತಿಂದು ವಾಂತಿ ಭೇದಿ ಹತ್ತಿಕೊಂಡರೆ, ಮೈಯಲ್ಲಿದ್ದ ನೀರೂ ಹೋಗುತ್ತದೆ. ಸ್ವಂತ ಮೂತ್ರ ಕುಡಿಯುವುದೂ ಅಷ್ಟೇ. ದೇಹ ಬೇಡವೆಂದು ಹೊರಹಾಕಿದ ಉಪ್ಪನ್ನೇ ಮತ್ತೆ ಒಳಗೆ ತಗೊಂಡ ಹಾಗೆ. ಅಮೆರಿಕದ ಸೇನೆ ತನ್ನ ಸೈನಿಕರಿಗೆ ಕೊಡುವ ಕೈಪಿಡಿಯಲ್ಲೇ ಕುಡಿಯಬಾರದವುಗಳ ಪಟ್ಟಿಯಲ್ಲಿ ಮೂತ್ರ ಇದೆ.

ಬೆಂಕಿಯ ವಿಷಯ ನನಗೆ ಹತ್ತಿರದ್ದು. ಎರಡು ಕಡ್ಡಿ ಉಜ್ಜಿ ಬೆಂಕಿ ಮಾಡುವುದನ್ನು ಟಿವಿಯಲ್ಲಿ ನೋಡಿ ನಾನೂ ಒಂದು ಡಿಸೆಂಬರ್‌ನಲ್ಲಿ ಕೂತೆ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ್ದ ಕಟ್ಟಿಗೆ, ಕೆಳಗೆ ತೆಂಗಿನ ನಾರು. ಅಂಗೈಗಳ ನಡುವೆ ಕಡ್ಡಿ ಇಟ್ಟು ಕಡೆದೆ. ಹತ್ತು ನಿಮಿಷಕ್ಕೆ ಕಟ್ಟಿಗೆ ಬಿಸಿಯಾಯಿತು. ಇಪ್ಪತ್ತು ನಿಮಿಷಕ್ಕೆ ಕಂದು ಬಣ್ಣದ ಪುಡಿ ಬಿತ್ತು, ಸುಟ್ಟ ವಾಸನೆ ಬಂತು, ಎಳೆಯಾಗಿ ಹೊಗೆ ಎದ್ದಿತು. ಕೈ ಒಂದು ಕ್ಷಣ ನಿಂತದ್ದೇ ಹೊಗೆಯೂ ಹೋಯಿತು. ಮತ್ತೆ ಮೊದಲಿಂದ. ಒಂದೂವರೆ ಗಂಟೆಯಾದ ಮೇಲೆ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು, ಕೆಂಡ ಹುಟ್ಟಲಿಲ್ಲ. ನಮ್ಮಲ್ಲಿ ದೊಡ್ಡ ಹೋಮಗಳಲ್ಲಿ ಅರಣಿ ಕಡೆಯುವುದನ್ನು ನೋಡಿದ್ದೀರಲ್ಲ. ಅಶ್ವತ್ಥದ ಕಟ್ಟಿಗೆ, ಜೋಪಾನವಾಗಿ ಒಣಗಿಸಿ ಇಟ್ಟದ್ದು. ಒಬ್ಬರು ಮೇಲಿಂದ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಹಗ್ಗ ಎಳೆಯುತ್ತಾರೆ, ಸುಸ್ತಾದರೆ ಬೇರೆಯವರು ಬರುತ್ತಾರೆ. ಅಷ್ಟೆಲ್ಲ ಇದ್ದೂ ಬೆವರು ಇಳಿಯುತ್ತದೆ. ಹಾಗಿರುವಾಗ ಜುಲೈ ತಿಂಗಳ ಮಳೆಯಲ್ಲಿ, ನೆಂದ ಕಾಡಲ್ಲಿ, ಒಬ್ಬನೇ, ಹೆದರಿದವನು ಬೆಂಕಿ ಮಾಡುವುದು ಎಷ್ಟು ಸಾಧ್ಯ? ಟಿವಿಯಲ್ಲಿ ಅದು ಒಂದೂವರೆ ನಿಮಿಷದ ಕೆಲಸ, ಯಾಕೆಂದರೆ ನಡುವಿನದನ್ನೆಲ್ಲ ಕತ್ತರಿಸಿರುತ್ತಾರೆ. ಈ ಕತ್ತರಿ ಕೆಲಸ ನನ್ನ ಮಟ್ಟಿಗೆ ಹೋಟೆಲಿಗಿಂತ ದೊಡ್ಡ ಸುಳ್ಳು.

ನದಿಗೆ ಹಾರುವ ದೃಶ್ಯವೂ ಹಾಗೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈ ಶಾಖವನ್ನು ಎಳೆದುಕೊಳ್ಳುತ್ತದೆ. ಒದ್ದೆ ಬಟ್ಟೆ, ಮೇಲೆ ಬೀಸುವ ಗಾಳಿ, ಎರಡೂ ಸೇರಿದರೆ ಹಿಮ ಬೀಳುವ ದೇಶವೇ ಆಗಬೇಕಿಲ್ಲ, ನಮ್ಮ ಮಲೆನಾಡಿನ ರಾತ್ರಿಯಲ್ಲೂ ಮನುಷ್ಯ ನಡುಗಿ ನಡುಗಿ ಬುದ್ಧಿ ಮಂಕಾಗುವ ಸ್ಥಿತಿಗೆ ಹೋಗಬಹುದು. ಪರದೆಯ ಮೇಲಿನವನಿಗೆ ದೃಶ್ಯ ಮುಗಿದ ಕೂಡಲೇ ಒಣ ಬಟ್ಟೆ ಸಿಗುತ್ತದೆ. ಅದು ಸಿಗಲೇಬೇಕು ಕೂಡ, ಯಾರೂ ಟಿವಿಗಾಗಿ ಸಾಯಬಾರದು.

ಹಾಗಾದರೆ ಎಲ್ಲ ಕಾರ್ಯಕ್ರಮವೂ ಒಂದೇನಾ? ಅಲ್ಲ. ಕೆನಡಾದ ಲೆಸ್ ಸ್ಟ್ರೌಡ್ ಅವರ ‘ಸರ್ವೈವರ್‌ಮ್ಯಾನ್’ ನೋಡಿ. ಅವರ ಜೊತೆ ಕ್ಯಾಮೆರಾ ಹಿಡಿಯುವವರು ಯಾರೂ ಇರುತ್ತಿರಲಿಲ್ಲ. ಸಾಮಾನ್ಯವಾಗಿ 7 ದಿನ ಒಬ್ಬರೇ. ಅವರು ದೂರದ ಗುಡ್ಡ ಏರುವ ದೃಶ್ಯ ಬಂತೆಂದರೆ ಅದರ ಹಿಂದಿನ ಕೆಲಸ ಹೀಗೆ: ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾ ಇಡಬೇಕು, ಗುಡ್ಡ ಏರಬೇಕು, ಮತ್ತೆ ಇಳಿದು ಬಂದು ಕ್ಯಾಮೆರಾ ತಗೋಬೇಕು, ಅದನ್ನು ಹೊತ್ತು ಮತ್ತೆ ಏರಬೇಕು. ಹೊಟ್ಟೆಯಲ್ಲಿ ಏನೂ ಇಲ್ಲದಾಗ ಒಂದೇ ಗುಡ್ಡವನ್ನು ಎರಡು ಸಲ ಹತ್ತುವುದು. ಅವರ ಕಾರ್ಯಕ್ರಮದಲ್ಲಿ ಬಹಳ ಹೊತ್ತು ಏನೂ ನಡೆಯುವುದಿಲ್ಲ. ಚಳಿ, ಹಸಿವು, ಬೆಳಗಾಗುವುದನ್ನು ಕಾಯುವುದು. ನನಗೆ ಅದೇ ನಿಜಕ್ಕೆ ಹತ್ತಿರ ಅನ್ನಿಸಿದ್ದು. ಅವರ ಹತ್ತಿರವೂ ತುರ್ತಿಗೆ ಉಪಗ್ರಹ ಫೋನ್ ಇರುತ್ತಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ.

2015ರಲ್ಲಿ ಶುರುವಾದ ‘ಅಲೋನ್’ ಇದನ್ನೇ ಇನ್ನೂ ಮುಂದಕ್ಕೆ ಒಯ್ಯಿತು. ಹತ್ತು ಜನ, ಪ್ರತಿಯೊಬ್ಬರಿಗೂ ಆರಿಸಿಕೊಂಡ ಹತ್ತು ಸಾಮಾನು, ಬೇರೆ ಬೇರೆ ಜಾಗ, ಚಿತ್ರೀಕರಣ ಅವರೇ ಮಾಡಿಕೊಳ್ಳಬೇಕು. ಕೊನೆಗೆ ಉಳಿದವರಿಗೆ ಬಹುಮಾನ. ಮೊದಲ ವರ್ಷ ಗೆದ್ದವರು ವ್ಯಾಂಕೂವರ್ ದ್ವೀಪದಲ್ಲಿ 56 ದಿನ ಇದ್ದರು. ಅದೇ ವರ್ಷ ಒಬ್ಬರು ಕರಡಿ ಭಯಕ್ಕೆ ಮೊದಲ ರಾತ್ರಿಯೇ ವಾಪಸ್ ಹೊರಟರು. ಅದೂ ನಿಜವೇ. ಬಂದವರೆಲ್ಲ ಕಾಡಿನ ವಿದ್ಯೆ ಚೆನ್ನಾಗಿ ಗೊತ್ತಿದ್ದವರು, ಆದರೂ ಅವರಲ್ಲಿ ಹೆಚ್ಚಿನವರು ಹತ್ತು ಸಾಮಾನಿನಲ್ಲಿ ಕಿಡಿ ಹಾರಿಸುವ ಲೋಹದ ಕಡ್ಡಿಯೊಂದನ್ನು ಸೇರಿಸಿಕೊಳ್ಳುತ್ತಾರೆ. ಮರ ಉಜ್ಜಿ ಬೆಂಕಿ ಮಾಡುತ್ತೇನೆ ಅಂತ ಅವರೇ ಹೊರಡುವುದಿಲ್ಲ.

ಅಲ್ಲಿ ಕಂಡ ದೊಡ್ಡ ಸತ್ಯ ಹಸಿವಿನದು. ಆರನೆಯ ವರ್ಷದ ಸ್ಪರ್ಧೆ ಕೆನಡಾದ ಉತ್ತರದ ಗ್ರೇಟ್ ಸ್ಲೇವ್ ಸರೋವರದ ದಡದಲ್ಲಿ ನಡೆಯಿತು. ಗೆದ್ದ ಜೋರ್ಡಾನ್ ಜೋನಸ್ 77 ದಿನ ಇದ್ದರು. ಅವರು ಬಿಲ್ಲಿನಿಂದ ಒಂದು ಮೂಸ್ ಹೊಡೆದರು. ನಮ್ಮ ಕಡವೆಗಿಂತ ಎಷ್ಟೋ ದೊಡ್ಡ ಪ್ರಾಣಿ ಅದು, ನೂರಾರು ಕಿಲೋ ಮಾಂಸ. ಇನ್ನೇನು ಚಿಂತೆ ಅನ್ನಿಸುತ್ತದೆ ಅಲ್ವಾ? ಆದರೆ ವುಲ್ವರೀನ್ ಅನ್ನುವ ಪ್ರಾಣಿ ಬಂದು ಕದ್ದದ್ದು ಕೊಬ್ಬನ್ನು. ಕೊಬ್ಬು ಯಾಕೆ ಅಷ್ಟು ಮುಖ್ಯ ಅಂದರೆ, ಕೊಬ್ಬಿಲ್ಲದ ಒಣ ಮಾಂಸವನ್ನೇ ದಿನಗಟ್ಟಲೆ ತಿಂದರೆ ಹೊಟ್ಟೆ ತುಂಬಿದ್ದರೂ ದೇಹ ಸೊರಗುತ್ತದೆ. ಪ್ರೋಟೀನನ್ನು ಅರಗಿಸಲು ಯಕೃತ್ತಿಗೆ ಒಂದು ಮಿತಿ ಇದೆ. ಮೊಲದ ಮಾಂಸ ಮಾತ್ರ ತಿಂದು ಬದುಕಲು ನೋಡಿದವರು ಕಾಯಿಲೆ ಬಿದ್ದದ್ದರಿಂದ ಇದಕ್ಕೆ ‘ಮೊಲದ ಹಸಿವು’ ಅನ್ನುವ ಅರ್ಥದ ಹೆಸರೇ ಇಂಗ್ಲಿಷಿನಲ್ಲಿದೆ. ಎರಡು ಮೊಲ ಹಿಡಿದು ನಗುತ್ತಾ ದೃಶ್ಯ ಮುಗಿಸುವ ಕಾರ್ಯಕ್ರಮ ಈ ಮಾತನ್ನು ಹೇಳುವುದೇ ಇಲ್ಲ.

ಆದರೂ ‘ಅಲೋನ್’ ಕೂಡ ದಾರಿ ತಪ್ಪಿದವನ ಕಥೆಯಲ್ಲ. ಗುಂಡಿ ಒತ್ತಿದರೆ ತಂಡ ಬರುತ್ತದೆ. ಆಗಾಗ ವೈದ್ಯರು ಬಂದು ತೂಕ ನೋಡುತ್ತಾರೆ, ತೀರಾ ಇಳಿದಿದ್ದರೆ ಬೇಡವೆಂದರೂ ಕರೆದುಕೊಂಡು ಹೋಗುತ್ತಾರೆ. ಮೂರನೆಯ ವರ್ಷ ಪೆಟಗೋನಿಯಾದಲ್ಲಿ ಒಬ್ಬ ಹೆಣ್ಣುಮಗಳನ್ನು 86ನೇ ದಿನ ಹೀಗೇ ಹೊರಗೆ ತಂದರು. ಮರುದಿನವೇ ಸ್ಪರ್ಧೆ ಮುಗಿಯಿತು.

ಕ್ಯಾಮೆರಾದ ಆಚೆ ಇರುವ ಅಪಾಯವನ್ನೂ ಮರೆಯಬಾರದು. 2015ರ ಮಾರ್ಚ್‌ನಲ್ಲಿ ಅರ್ಜೆಂಟೀನಾದಲ್ಲಿ ಫ್ರಾನ್ಸಿನ ಇಂಥದ್ದೇ ಒಂದು ಕಾರ್ಯಕ್ರಮದ ಚಿತ್ರೀಕರಣದಲ್ಲಿ ಎರಡು ಹೆಲಿಕಾಪ್ಟರ್ ಡಿಕ್ಕಿಯಾಗಿ 10 ಜನ ಸತ್ತರು. ಅವರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದ ಈಜುಗಾರ್ತಿ ಕಮೀಲ್ ಮುಫಾ ಕೂಡ ಇದ್ದರು. ಅವರನ್ನು ಕೊಂದದ್ದು ಕಾಡಲ್ಲ, ಹಸಿವಲ್ಲ.

ನಮ್ಮ ದೇಶಕ್ಕೆ ಬರೋಣ. 2019ರ ಆಗಸ್ಟ್ 12ರಂದು ಪ್ರಧಾನಿ ಮೋದಿ ಅವರ ಜೊತೆಗಿನ ‘ಮ್ಯಾನ್ ವರ್ಸಸ್ ವೈಲ್ಡ್’ ಸಂಚಿಕೆ ಬಂತು, ಜಿಮ್ ಕಾರ್ಬೆಟ್ ಅರಣ್ಯದಲ್ಲಿ ತೆಗೆದದ್ದು. ಅದರಲ್ಲಿ ಪ್ರಧಾನಿ ಹಿಂದಿಯಲ್ಲಿ ಮಾತಾಡುತ್ತಾರೆ, ಗ್ರಿಲ್ಸ್‌ಗೆ ತಕ್ಷಣ ಅರ್ಥವಾಗುತ್ತದೆ. ಹೇಗೆ ಅಂತ ಬಹಳ ಜನ ಕೇಳಿದರು. ಆಮೇಲೆ ‘ಮನ್ ಕಿ ಬಾತ್’ನಲ್ಲಿ ಅವರೇ ಹೇಳಿದರು: ಗ್ರಿಲ್ಸ್ ಕಿವಿಯಲ್ಲಿ ತಂತಿಯಿಲ್ಲದ ಪುಟ್ಟ ಸಾಧನವಿತ್ತು, ಹಿಂದಿ ಮಾತು ಅದರಲ್ಲಿ ಇಂಗ್ಲಿಷ್ ಆಗಿ ಕೇಳುತ್ತಿತ್ತು. ಅದರಲ್ಲಿ ತಪ್ಪೇನಿಲ್ಲ. ಆದರೆ ಇಬ್ಬರೇ ಕಾಡಲ್ಲಿ ನಡೆಯುತ್ತಿದ್ದಾರೆ ಅಂತ ನಾವು ನೋಡುತ್ತಿದ್ದ ದೃಶ್ಯದಲ್ಲಿ ನಮಗೆ ಕಾಣದ ಎಷ್ಟು ಏರ್ಪಾಡು ಇತ್ತು ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ. ಮರುವರ್ಷ, 2020ರ ಜನವರಿ ಕೊನೆಗೆ, ನಮ್ಮ ಬಂಡೀಪುರದಲ್ಲೇ ರಜನೀಕಾಂತ್ ಮತ್ತು ಅಕ್ಷಯ್ ಕುಮಾರ್ ಜೊತೆ ಚಿತ್ರೀಕರಣ ನಡೆಯಿತು. ಹಿಂದಿನ ಫೆಬ್ರವರಿಯಲ್ಲಷ್ಟೇ ಬಂಡೀಪುರ ದೊಡ್ಡ ಕಾಡ್ಗಿಚ್ಚು ಕಂಡಿತ್ತು, ಹಾಗಾಗಿ ಬೇಸಿಗೆಯ ಹೊಸ್ತಿಲಲ್ಲಿ ಇದು ಬೇಕಿತ್ತಾ ಅಂತ ಪರಿಸರದವರು ಕೇಳಿದರು. ನ್ಯಾಯವಾದ ಪ್ರಶ್ನೆ. ಹುಲಿ ಕಾಡಲ್ಲಿ ಅನುಮತಿ ಪಡೆದು, ಅರಣ್ಯ ಇಲಾಖೆಯ ಕಾವಲಿನಲ್ಲಿ, ಹಗಲು ಹೊತ್ತು ನಡೆಯುವುದು ಬದುಕುಳಿಯುವ ಹೋರಾಟ ಆಗುವುದಾದರೂ ಹೇಗೆ? ಅಷ್ಟೇ ಅಲ್ಲ, ಪರದೆಯಲ್ಲಿ ಕಂಡದ್ದರಲ್ಲಿ ಬಹಳಷ್ಟು ಇಲ್ಲಿ ಅಪರಾಧ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡಲ್ಲಿ ಉರುಳು ಹಾಕುವುದು, ಬೇಟೆಯಾಡುವುದು ಜೈಲಿಗೆ ಹೋಗುವ ಕೆಲಸ.

ನಮ್ಮ ಕಾಡಿನ ನಿಜವಾದ ಅಪಾಯ ಕ್ಯಾಮೆರಾಗೆ ಬೇಡವಾದದ್ದು. ಶಿವಮೊಗ್ಗ ಕಡೆಯವರಿಗೆ ಹೇಳಬೇಕಿಲ್ಲ. ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಎಳ್ಳುಕಾಳಿನಷ್ಟಿರುತ್ತದೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹುಲಿ ಗರ್ಜಿಸಿದರೆ ಸಂಚಿಕೆಯಾಗುತ್ತದೆ, ಉಣುಗು ಕಚ್ಚಿದರೆ ಆಗುವುದಿಲ್ಲ. ಹಾವು ಕಚ್ಚಿದ ಜಾಗವನ್ನು ಕೊಯ್ದು ಬಾಯಲ್ಲಿ ವಿಷ ಹೀರುವುದೂ ಪರದೆಯಿಂದ ಬಂದ ಕೆಟ್ಟ ಪಾಠ. ಅದರಿಂದ ವಿಷ ಹೊರಬರುವುದಿಲ್ಲ, ಗಾಯ ಮಾತ್ರ ಹಾಳಾಗುತ್ತದೆ. ಕಚ್ಚಿದ ಕೈಕಾಲು ಅಲ್ಲಾಡಿಸದೆ, ಬಿಗಿಯಾಗಿ ಕಟ್ಟದೆ, ಬೇಗ ಆಸ್ಪತ್ರೆಗೆ. ಮದ್ದು ಇರುವುದು ಅಲ್ಲಿ.

ನಿಜವಾಗಿ ಬದುಕಿ ಬಂದವರ ಕಥೆ ಹೇಗಿರುತ್ತದೆ ಅಂತ ನೋಡಬೇಕಾದರೆ 2023ರ ಕೊಲಂಬಿಯಾಗೆ ಹೋಗಬೇಕು. ಮೇ 1ರಂದು ಅಮೆಜಾನ್ ಕಾಡಲ್ಲಿ ಒಂದು ಸಣ್ಣ ವಿಮಾನ ಬಿತ್ತು. ದೊಡ್ಡವರು ಮೂವರೂ ತೀರಿಕೊಂಡರು, ಅವರಲ್ಲಿ ಮಕ್ಕಳ ತಾಯಿಯೂ ಒಬ್ಬರು. ಉಳಿದದ್ದು ಹುಯಿಟೊಟೊ ಬುಡಕಟ್ಟಿನ ನಾಲ್ಕು ಮಕ್ಕಳು. ದೊಡ್ಡವಳಿಗೆ 13 ವರ್ಷ, ಚಿಕ್ಕದು 11 ತಿಂಗಳ ಕೂಸು. ಅವರು 40 ದಿನ ಬದುಕಿದರು. ಹೇಗೆ? ಯಾರೂ ಬಂಡೆಯಿಂದ ಹಾರಲಿಲ್ಲ, ಹಾವು ಹಿಡಿದು ತಿನ್ನಲಿಲ್ಲ. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟನ್ನು ತಿಂದರು. ಅದು ಮುಗಿದ ಮೇಲೆ ಅಕ್ಕನಿಗೆ ಗೊತ್ತಿದ್ದ ಹಣ್ಣು, ಬೀಜ. ಯಾವುದು ತಿನ್ನಬಹುದು, ಯಾವುದು ತಿನ್ನಬಾರದು ಅಂತ ಅವಳಿಗೆ ಮನೆಯಲ್ಲಿ ಅಜ್ಜಿ ಕಲಿಸಿದ್ದರು. ಮಕ್ಕಳು ಜಾಗ ಬದಲಿಸುತ್ತಿದ್ದರಿಂದ ಹುಡುಕುವವರಿಗೆ ಬಹಳ ಕಷ್ಟವಾಯಿತು. ಆಗ ಸೇನೆಯವರು ಅಜ್ಜಿಯ ದನಿಯನ್ನು ಅವರ ಭಾಷೆಯಲ್ಲೇ ರೆಕಾರ್ಡ್ ಮಾಡಿಕೊಂಡು ಹೆಲಿಕಾಪ್ಟರಿನಿಂದ ಕಾಡಿನ ಮೇಲೆ ಕೇಳಿಸಿದರು. ನಿಮ್ಮನ್ನು ಹುಡುಕುತ್ತಿದ್ದಾರೆ, ಇದ್ದಲ್ಲೇ ಇರಿ ಅನ್ನುವುದು ಆ ಮಾತಿನ ಸಾರ. ಕೊನೆಗೆ ಜೂನ್ 9ರಂದು ಮಕ್ಕಳನ್ನು ಕಂಡವರು ಸೈನಿಕರ ಜೊತೆ ಹುಡುಕುತ್ತಿದ್ದ ಕಾಡಿನ ಜನರೇ. ನಾನು ಈ ಸುದ್ದಿಯನ್ನು ಎಷ್ಟು ಸಲ ಓದಿದ್ದೇನೋ. ಪ್ರತಿ ಸಲವೂ ಅಜ್ಜಿಯ ದನಿಯ ಜಾಗಕ್ಕೆ ಬಂದಾಗ ಕಣ್ಣು ತುಂಬುತ್ತದೆ.

ಇದನ್ನೆಲ್ಲ ಅಣ್ಣನ ಮಗನಿಗೆ ಅವನಿಗೆ ತಿಳಿಯುವ ಹಾಗೆ ಹೇಳಿದೆ. ದಾರಿ ತಪ್ಪಿದೆ ಅಂತ ಅನ್ನಿಸಿದ ಕೂಡಲೇ ನಿಲ್ಲಬೇಕು. ದೊಡ್ಡ ಮರದ ಹತ್ತಿರ ಕೂರಬೇಕು, ಹಳ್ಳದ ಸದ್ದಿನ ಪಕ್ಕ ಬೇಡ, ಯಾರಾದರೂ ಕರೆದರೂ ಕೇಳಿಸುವುದಿಲ್ಲ. ಮೊಬೈಲ್ ಇದ್ದರೆ 112ಕ್ಕೆ ಫೋನ್. ಹೊರಡುವ ಮೊದಲು ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಬೇಕು. ಚೀಲದಲ್ಲಿ ನೀರು, ಟಾರ್ಚು, ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ, ಒಂದು ಸೀಟಿ.

“ಸೀಟಿ ಯಾಕೆ? ಕೂಗಿದ್ರೆ ಆಗಲ್ವಾ?”

ಬಾಯಲ್ಲಿ ಹೇಳುವ ಬದಲು ಮರುದಿನ ಬೆಳಿಗ್ಗೆ ಅವನನ್ನು ಕರೆದುಕೊಂಡು ಮನೆ ಹಿಂದಿನ ಗುಡ್ಡಕ್ಕೆ ಹೋದೆ. ಅತ್ತಿಗೆಗೆ ಹೇಳಿಟ್ಟಿದ್ದೆ, ಅವರು ತೋಟದ ಬೇಲಿ ಹತ್ತಿರ ನಿಂತಿದ್ದರು. ಮೇಲಿನ ಹಕ್ಕಲು ದಾಟಿ, ಮರಗಳ ಮರೆಗೆ ಹೋದ ಮೇಲೆ ಅವನಿಗೆ ಕೂಗಲು ಹೇಳಿದೆ. “ಅಮ್ಮಾ” ಅಂತ ಗಂಟಲು ಬಿರಿಯುವ ಹಾಗೆ ಐದು ಸಲ ಕೂಗಿದ. ಆರನೆಯದಕ್ಕೆ ದನಿ ಒಡೆಯಿತು. ಕೆಳಗಿಂದ ಏನೂ ಇಲ್ಲ. ಆಮೇಲೆ ಸೀಟಿ ಕೊಟ್ಟೆ. ಮೂರು ಸಲ ಊದು, ನಿಲ್ಲಿಸು, ಮತ್ತೆ ಮೂರು ಸಲ. ಎರಡನೆಯ ಸುತ್ತು ಮುಗಿಯುವುದರೊಳಗೆ ತೋಟದ ಕಡೆಯಿಂದ ಅತ್ತಿಗೆ ಸ್ಟೀಲ್ ತಟ್ಟೆ ಬಡಿಯುವ ಸದ್ದು ಬಂತು. ಹುಡುಗ ಸೀಟಿಯನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ಕೂತ. ನಾನು ಹೋಗೋಣ ಅಂದರೂ ಏಳಲಿಲ್ಲ. “ಅಮ್ಮ ಇಲ್ಲಿಗೇ ಬರ್ಲಿ, ಚಿಕ್ಕಪ್ಪ” ಅಂದ.